ಹಳೆಯ ಜೀಪು ಢಂ ಎಂದರೆ

ನಿಮ್ಮ ಮನೆಯ ಹಳೆಯ ವಿಲ್ಲಿಸ್ ಪೆಟ್ರೋಲ್ ಜೀಪು ಢಂ ಢಂ ಎಂದು ಸಿಡಿಯುತ್ತದೆಯೇ? ಸದ್ದು ಎಲ್ಲಿಂದ ಬರುತ್ತೆ, ಮೊದಲು ಕಿವಿಗೊಟ್ಟು ಕೇಳಿ. ಸೈಲೆನ್ಸರಿನಲ್ಲಾದರೆ ಕಿಡಿ ತಡವಾಗಿ ಹಾರುತ್ತಿರಬಹುದು. ಕಾರ್ಬುರೇಟರಿನಲ್ಲಾದರೆ ಪೆಟ್ರೋಲ್ ಸಾಲದಿರಬಹುದು, ಇಲ್ಲವೆ ಪ್ಲಗ್ಗಿನ ತಂತಿಗಳು ಅದಲುಬದಲಾಗಿರಬಹುದು. ತಂತಿಗಳ ಸರದಿ 1-3-4-2.

ಆಮೇಲೆ ಡಿಸ್ಟ್ರಿಬ್ಯೂಟರಿನ ಪಾಯಿಂಟು ನೋಡಿ. ಪೂರ್ತಿ ತೆರೆದಾಗ ಸಂದು 0.020 ಅಂಗುಲ ಇರಬೇಕು. ಸಂದು ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಆದ್ದರಿಂದ ಸಂದು ಮೊದಲು, ಟೈಮಿಂಗ್ ಆಮೇಲೆ, ಮರೀಬೇಡಿ. ಪಿಸ್ಟನ್ ತುದಿ ಮುಟ್ಟುವುದಕ್ಕೆ 5 ಡಿಗ್ರಿ ಮುಂಚೆ ಕಿಡಿ ಹಾರಬೇಕು.

ಕಿಡಿ ತೀರ ಮುಂಚೆ ಹಾರಿದರೆ ಹ್ಯಾಂಡಲ್ ಹಿಂದಕ್ಕೆ ಒದ್ದು ಮಣಿಕಟ್ಟು ಮುರಿದೀತು. ಹ್ಯಾಂಡಲ್ ತಿರುಗಿಸುವಾಗ ಹೆಬ್ಬೆರಳನ್ನು ಸುತ್ತಿ ಹಿಡಿಯಬೇಡಿ, ಉಳಿದ ಬೆರಳುಗಳ ಪಕ್ಕದಲ್ಲೇ ಇಡಿ. ಜೀಪು ನಾಳೆಯಾದರೂ ಹೊರಟೀತು. ಕೈ ಮುರಿದರೆ ಬಿತ್ತನೆಯೇ ನಿಂತೀತು.