ಹೊಟ್ಟೆ ನುಲಿತಕ್ಕೆ ಒಂದು ಗುಳಿಗೆ

ಮುಂಗಾರಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಗಂಗಾವತಿಯ ಬೆಳಗು ಬೇರೆಯೇ. ನಾಟಿಗೆ ಹೊರಟ ಹೆಣ್ಣಾಳುಗಳನ್ನು ತುಂಬಿಕೊಂಡ ಟಂಟಂ ಔಷಧಿ ಅಂಗಡಿಯ ಮುಂದೆ ಗಳಿಗೆ ನಿಲ್ಲುತ್ತದೆ. ಒಬ್ಬಾಕಿ ಇಳಿದು, ಮೆಟ್ಟಿಲು ಹತ್ತದೆ ಕೆಳಗಿನಿಂದಲೇ ಕೈ ಚಾಚುತ್ತಾಳೆ: “ಅಣ್ಣಾರ, ಹೊಟ್ಟಿ ನುಲ್ಯಾಕ ಹತ್ತೈತ್ರಿ, ಒಂದ್ ಗುಳಿಗಿ ಕೊಡ್ರಿ.” ಮುಟ್ಟಿನ ನೋವೋ, ಉಂಡದ್ದು ಒಗ್ಗದ ನೋವೋ ಎಂದು ಯಾರೂ ಕೇಳುವುದಿಲ್ಲ, ಕೇಳಿದರೂ ಗಂಡಸರ ನಡುವೆ ಆಕೆ ಹೇಳಲಾರಳು. ಕತ್ತರಿ ಪಟ್ಟಿಯ ಮೇಲೆ ಕರಕ್ಕನೆ ಓಡುತ್ತದೆ. ಕೈಗೆ ಬಂದ ತುಣುಕಿನಲ್ಲಿ ಔಷಧಿಯ ಹೆಸರು ಅರ್ಧ ಮಾತ್ರ. ಅವಧಿ ಮುಗಿಯುವ ತಾರೀಖು ಅಂಗಡಿಯಲ್ಲೇ ಉಳಿಯಿತು.

ಇಂಥ ಗುಳಿಗೆಯಲ್ಲಿ ಸಾಮಾನ್ಯವಾಗಿ ಇರುವುದು ಡೈಸೈಕ್ಲೋಮಿನ್ 10 ಮಿ.ಗ್ರಾಂ., ಮೆಫೆನಾಮಿಕ್ ಆಮ್ಲ 250 ಮಿ.ಗ್ರಾಂ. ಎರಡರ ದಾರಿಯೂ ಬೇರೆ. ಕರುಳಿನ ಗೋಡೆಯ ನಯಸ್ನಾಯು ನಮ್ಮ ಮಾತು ಕೇಳುವುದಲ್ಲ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಒಸರಿದರೆ ಸ್ನಾಯುಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಕರುಳು ಹಿಂಡುತ್ತದೆ. ಆ ಅಸಿಟೈಲ್‌ಕೋಲಿನ್ ಕೂರುವ ಜಾಗವನ್ನು ಡೈಸೈಕ್ಲೋಮಿನ್ ಮೊದಲೇ ಹಿಡಿದು ಕೂರುತ್ತದೆ. ಗರ್ಭಕೋಶದ ಸ್ನಾಯು ಹಾಗಲ್ಲ. ಮುಟ್ಟಿನ ದಿನಗಳಲ್ಲಿ ಅದನ್ನು ಹಿಂಡುವುದು ಒಳಪದರದಲ್ಲೇ ಹುಟ್ಟುವ ಪ್ರೊಸ್ಟಗ್ಲಾಂಡಿನ್. ಅದು ತಯಾರಾಗದಂತೆ ತಡೆಯುವುದು ಮೆಫೆನಾಮಿಕ್ ಆಮ್ಲ. ಅಂದರೆ ಮುಟ್ಟಿನ ನೋವಿಗೆ ಹೆಚ್ಚು ದುಡಿಯುವುದು ಗುಳಿಗೆಯ ಈ ಎರಡನೆಯ ಪಾಲು. ಆದರೆ ಬರಿ ಹೊಟ್ಟೆಯಲ್ಲಿ ನುಂಗಿದರೆ ಇದೇ ಜಠರವನ್ನು ಕೆರಳಿಸುತ್ತದೆ, ಆಕೆಯ ಬುತ್ತಿಗಂಟು ಬಿಚ್ಚುವುದು ಮಧ್ಯಾಹ್ನಕ್ಕೆ. ಅಪರೂಪಕ್ಕೆ ಕೆಲವರಲ್ಲಿ ಮೆಫೆನಾಮಿಕ್ ಆಮ್ಲ ಮೈಮೇಲೆ ದದ್ದು, ಜ್ವರ, ಒಳಾಂಗಗಳ ಬಾವು ತರುವ ತೀವ್ರ ಅಲರ್ಜಿಗೆ ಕಾರಣವಾಗಬಹುದೆಂದು ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ 2023ರ ನವೆಂಬರ್‌ನಲ್ಲಿ ದೇಶಕ್ಕೆಲ್ಲ ಎಚ್ಚರಿಕೆ ಕೊಟ್ಟಿದೆ. ಆ ಮಾತು ಗದ್ದೆಯ ಬದುವಿನವರೆಗೂ ತಲುಪಬೇಕಿತ್ತು.

ಕುಷ್ಟಗಿಯ ಕಡೆ ಹೋದರೆ ನೆಲ ಒಣಗಿದ್ದು, ನೀರು ಬೋರಿನದು. ಬಿಸಿಲಲ್ಲಿ ದುಡಿದು ನೀರು ಸಾಲದ ಮೈಯಲ್ಲಿ ಹರಳು ಕಟ್ಟುವುದು ಸುಲಭ. ಹರಳು ಮೂತ್ರನಾಳಕ್ಕೆ ಇಳಿದವನು ಕೂರಲೂ ಆರ, ನಿಲ್ಲಲೂ ಆರ. ಸೊಂಟ ಹಿಡಿದುಕೊಂಡು ಕಟ್ಟೆಯಿಂದ ಕಟ್ಟೆಗೆ ಅಡ್ಡಾಡುತ್ತಾನೆ. ಮೂತ್ರನಾಳ ನರಗಳ ಅಪ್ಪಣೆಗೆ ಕಾಯುವುದಿಲ್ಲ, ತನ್ನದೇ ಲಯದಲ್ಲಿ ಅಲೆಅಲೆಯಾಗಿ ಹಿಂಡುತ್ತದೆ. ಆದ್ದರಿಂದ ಕರುಳಿನ ಗುಳಿಗೆ ಇಲ್ಲಿ ಅಷ್ಟು ಫಲ ಕೊಡುವುದಿಲ್ಲ. ಡ್ರೊಟವೆರಿನ್ ಎಂಬ ಇನ್ನೊಂದು ಔಷಧಿ ನರದ ಸುದ್ದಿಗೇ ಹೋಗದೆ ಸ್ನಾಯುಕೋಶದೊಳಗಿನ ಒಂದು ಕಿಣ್ವವನ್ನು ತಡೆದು ಬಿಗಿ ಸಡಿಲಿಸುತ್ತದೆ. ಆದರೂ ಈ ನೋವಿಗೆ ವೈದ್ಯರು ಮೊದಲು ಕೊಡುವುದು ಡೈಕ್ಲೊಫೆನಾಕ್‌ನಂಥ ನೋವುನಿವಾರಕ. ನಾಳದ ಕೆಳಭಾಗಕ್ಕೆ ಬಂದ ಹರಳು ಜಾರಲೆಂದು ಟ್ಯಾಮ್ಸುಲೋಸಿನ್ ಬರೆಯುವುದುಂಟು.

ನುಂಗಿದ ಗುಳಿಗೆ ರಕ್ತಕ್ಕಿಳಿದು ಎಲ್ಲ ಅಂಗಗಳಿಗೂ ಹೋಗುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. ಯಲಬುರ್ಗಾದ ಹಿರಿಯರೊಬ್ಬರು ಹೊಟ್ಟೆಗೆಂದು ಡೈಸೈಕ್ಲೋಮಿನ್ ನುಂಗಿದರೆ ಅವರ ಮೂತ್ರಕೋಶವೂ ಸಡಿಲಾಗುತ್ತದೆ. ಪ್ರಾಸ್ಟೇಟ್ ಗ್ರಂಥಿ ಉಬ್ಬಿದ್ದರೆ ಮೂತ್ರವೇ ಕಟ್ಟಬಹುದು. ಬಾಯಿ ಒಣಗುತ್ತದೆ, ಕಣ್ಣು ಮಸುಕಾಗುತ್ತದೆ. ಬೆವರೂ ಕಡಿಮೆಯಾಗುತ್ತದೆ, ಬೆವರದ ಮೈ ಕಾವು ಕಳೆದುಕೊಳ್ಳಲಾರದು. ಬೇಸಿಗೆಯ ಹೊಲದಲ್ಲಿ ಇದು ಸಣ್ಣ ಅಪಾಯವಲ್ಲ. ಹೊಟ್ಟೆ ನುಲಿತಕ್ಕೇ ಕೊಡುವ ಇನ್ನೊಂದು ಔಷಧಿ ಹಯೋಸಿನ್ ಬ್ಯುಟೈಲ್‌ಬ್ರೋಮೈಡ್ ಮಾತ್ರ ಕರುಳಿನಿಂದ ರಕ್ತಕ್ಕೆ ಸೇರುವುದು ತೀರ ಕಡಿಮೆ, ಮಿದುಳಿಗೂ ದಾಟುವುದಿಲ್ಲ. ಅದರ ಮೂಲವಾದ ಹಯೋಸಿನ್ ಇಲ್ಲಿನ ಬೇಲಿಯಂಚಿನ ದತ್ತೂರಿಯಲ್ಲೂ ಇದೆ. ಹಾಗೆಂದು ಆ ಗಿಡಕ್ಕೆ ಕೈ ಹಾಕಬಾರದು, ಅದು ವಿಷ.

ಗುಳಿಗೆ ಕೇಳುವಾಗ ನೋವು ಎಲ್ಲಿ, ಎಂದಿನಿಂದ ಎಂದು ಹೇಳಿ. ಬಸುರಿದ್ದರೆ, ಗ್ಲಾಕೋಮಾ ಇದ್ದರೆ, ಮೂತ್ರ ಕಟ್ಟುವ ತೊಂದರೆ ಇದ್ದರೆ ಅದನ್ನೂ ಹೇಳಿ. ಆರು ತಿಂಗಳೊಳಗಿನ ಕೂಸಿಗೆ ಡೈಸೈಕ್ಲೋಮಿನ್ ಹನಿ ಬೇಡವೇ ಬೇಡ. ಹೊಕ್ಕುಳ ಸುತ್ತ ಶುರುವಾದ ನೋವು ಬಲಗಡೆ ಕೆಳಕ್ಕಿಳಿದು ಜ್ವರ, ವಾಂತಿ ಬಂದರೆ ಗುಳಿಗೆ ನುಂಗಿ ಕಾಯದೆ ತಾಲ್ಲೂಕು ಆಸ್ಪತ್ರೆಗೋ ಕೊಪ್ಪಳದ ಜಿಲ್ಲಾ ಆಸ್ಪತ್ರೆಗೋ ಅಂದೇ ಹೋಗಿ.