ಕಾಡು-ಕೆರೆಗೆಂದು ಜಮೀನು ಕೊಟ್ಟರೆ ತೆರಿಗೆ ಉಳಿಯುತ್ತದೆಯೇ?

ಬೆಂಗಳೂರು ದಕ್ಷಿಣದ ಅಂಚಿನಲ್ಲಿ ಜಮೀನಿರುವ ನಮ್ಮಂಥವರ ಕಿವಿಗೆ ಈಚೆಗೆ ಒಂದು ಮಾತು ಆಗಾಗ ಬೀಳುತ್ತಿದೆ: "ಬೇಸಾಯಕ್ಕೆ ಬಾರದ ತುಂಡನ್ನು ಪರಿಸರ ಟ್ರಸ್ಟಿಗೆ ಬರೆದುಕೊಡಿ. ಪುಣ್ಯವೂ ಬರುತ್ತೆ, ತೆರಿಗೆಯೂ ಉಳಿಯುತ್ತೆ." ಪುಣ್ಯದ ಲೆಕ್ಕ ನನಗೆ ಗೊತ್ತಿಲ್ಲ. ತೆರಿಗೆಯ ಲೆಕ್ಕವನ್ನು ತಿಳಿದವರ ಹತ್ತಿರ ಕೂತು ಕೇಳಿದೆ. ಏಳನೇ ಕ್ಲಾಸು ಓದಿದ ನನಗೆ ಅರ್ಥವಾದದ್ದು ಎಲ್ಲರಿಗೂ ಆದೀತು ಅಂತ ಬರೆಯುತ್ತಿದ್ದೇನೆ.

ಹಣಕ್ಕೆ ಮಾತ್ರ ರಿಯಾಯಿತಿ

ದಾನಕ್ಕೆ ರಿಯಾಯಿತಿ ಕೊಡುವುದು 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಂ. ಜಾರಿಗೆ 2026ರ ಏಪ್ರಿಲ್ 1 ಗೊತ್ತುಮಾಡಿದ 2025ರ ಕಾಯ್ದೆಯಲ್ಲಿ ಕಲಮಿನ ನಂಬರು ಬೇರೆ, ನಿಯಮ ಅದೇ. 2009ರ ತಿದ್ದುಪಡಿಯಲ್ಲಿ ಜಲಾನಯನ, ಕಾಡು, ವನ್ಯಜೀವಿ ಸೇರಿದಂತೆ ಪರಿಸರ ರಕ್ಷಣೆಯನ್ನೂ ಧರ್ಮಕಾರ್ಯದ ಪಟ್ಟಿಗೆ ಸೇರಿಸಿದರು. ಹಾಗಾಗಿ ಅನುಮೋದನೆ ಪಡೆದ ಪರಿಸರ ಟ್ರಸ್ಟಿಗೆ ಹಣ ಕೊಟ್ಟರೆ ರಿಯಾಯಿತಿ ಇದೆ. ಜಮೀನು, ಗಿಡ, ಗೊಬ್ಬರ ಕೊಟ್ಟರೆ ಇಲ್ಲ.

ಹಣ ಕೊಟ್ಟರೂ ಎಷ್ಟು ಉಳಿಯುತ್ತದೆ? 10,000 ರೂ. ಕೊಟ್ಟರೆ ಸಾಮಾನ್ಯವಾಗಿ ಅರ್ಧ, ಅಂದರೆ 5,000 ರೂ. ಆದಾಯದಿಂದ ಕಳೆಯುತ್ತಾರೆ. ಶೇ. 30ರ ದರದಲ್ಲಿ ತೆರಿಗೆ ಕಟ್ಟುವವನಿಗೆ ಸೆಸ್ ಸೇರಿ ಉಳಿಯುವುದು 1,560 ರೂ. ಉಳಿದ 8,440 ಅವನ ಕೈಯಿಂದಲೇ ಹೋಗುವ ದುಡ್ಡು. ದೂರದ ಸ್ವಚ್ಛ ಗಂಗಾ ನಿಧಿಗೆ ಕೊಟ್ಟರೆ ಪೂರ್ತಿ ಹಣ ಕಳೆಯುತ್ತಾರೆ, ನಮ್ಮೂರ ಕೆರೆಯ ಟ್ರಸ್ಟಿಗೆ ಅರ್ಧ! ಅದೂ ಹಳೇ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. 2023-24ರಿಂದ ತಾನಾಗಿ ಅನ್ವಯಿಸುವ ಹೊಸ ಪದ್ಧತಿಯಲ್ಲಿ ಈ ರಿಯಾಯಿತಿ ಇಲ್ಲ.

ರೈತನಿಗೆ ಏನು ಸಿಗುತ್ತದೆ?

ರಾಗಿ, ಹುರುಳಿ ಬೆಳೆದ ಆದಾಯಕ್ಕೆ ತೆರಿಗೆಯೇ ಇಲ್ಲ. ಕಟ್ಟದ ತೆರಿಗೆಯಲ್ಲಿ ಉಳಿಸುವುದೇನು? ದಾನಪತ್ರ ಮಾಡಿಕೊಟ್ಟರೆ ಮಾರಾಟದ ಲಾಭದ ತೆರಿಗೆ ಬೀಳುವುದಿಲ್ಲ, ನಿಜ. ಆದರೆ ಮನೆಯವರಿಗೆ ಕೊಡುವ ದಾನಪತ್ರಕ್ಕಿರುವ ಅಗ್ಗದ ಮುದ್ರಾಂಕ ಶುಲ್ಕ ಟ್ರಸ್ಟಿಗೆ ಅನ್ವಯಿಸದು, ಕ್ರಯಪತ್ರದ ಹಾಗೇ ಕಟ್ಟಬೇಕು.

ಮೊದಲು ಭೂಸುಧಾರಣೆ ಕಾಯ್ದೆಯ 79ಬಿ ಕಲಂ ಟ್ರಸ್ಟುಗಳು ಕೃಷಿ ಜಮೀನು ಇಟ್ಟುಕೊಳ್ಳುವುದನ್ನು ತಡೆಯುತ್ತಿತ್ತು. 2020ರಲ್ಲಿ ಅದನ್ನು ತೆಗೆದರು. ಬಾಗಿಲು ತೆರೆದಿದೆ, ಅದಕ್ಕೇ ಎಚ್ಚರವೂ ಬೇಕು. ರಿಜಿಸ್ಟರ್ ಆದ ಮೇಲೆ ಜಮೀನು ನಮ್ಮದಲ್ಲ.

ಬಿ.ಟಿ.ಎಂ. ಲೇಔಟಿನಲ್ಲಿರುವ ನಮ್ಮಣ್ಣನ ಮಗನಿಗೂ ನನಗೂ ಜಂಟಿಯಾಗಿ ಎರಡೆಕರೆ ಕಲ್ಲುಗುಡ್ಡೆ ಇದೆ. ಜಾಲಿ, ತುಗ್ಗಲಿ, ನವಿಲು ಬಿಟ್ಟರೆ ಬೇರೇನಿಲ್ಲ. "ಚಿಕ್ಕಪ್ಪ, ಟ್ರಸ್ಟಿಗೆ ಕೊಟ್ಟುಬಿಡೋಣ, ನನ್ನ ಸಂಬಳದ ತೆರಿಗೆ ಇಳೀತದೆ" ಅಂದ. "ಇಳಿಯಲ್ಲ ಕಣಪ್ಪ" ಅಂತ ಈ ಲೆಕ್ಕ ತೋರಿಸಿದೆ. ಗುಡ್ಡೆ ಈಗ ಇದ್ದ ಹಾಗೇ ನಮ್ಮ ಪಹಣಿಯಲ್ಲಿದೆ. ಅವನು ವರ್ಷಕ್ಕಿಷ್ಟು ಅಂತ ಕೆರೆ ಕೆಲಸಕ್ಕೆ ಹಣ ಕೊಡುತ್ತಾನೆ.

ನೋಡಿ ಕಲಿಯಬಹುದಾದ ಜಾಗಗಳು

ಹಣ ಎಲ್ಲಿ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆ ನೋಡಿ. ಸುಮಾರು 13 ಎಕರೆಯ ಈ ಕೆರೆಗಾಗಿ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿದರು. 2011ರಲ್ಲಿ ಪಾಲಿಕೆ ಒಪ್ಪಂದ ಮಾಡಿಕೊಂಡು ನಿರ್ವಹಣೆಯನ್ನು ಅವರಿಗೆ ವಹಿಸಿತು. ಜನರ ದೇಣಿಗೆಯಿಂದ ಕೆಲಸ ನಡೆಯಿತು. ಜಮೀನು ಸರ್ಕಾರದ್ದು, ಹಣ ಜನರದ್ದು.

ಜಮೀನು ಕೈಬಿಡದೆ ಕಾಪಾಡುವ ದಾರಿಗೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ನೋಡಿ. ವನ್ಯಜೀವಿ ಕಾಯ್ದೆಗೆ 2002ರಲ್ಲಾದ ತಿದ್ದುಪಡಿ 'ಸಮುದಾಯ ಮೀಸಲು' ಅನ್ನುವುದನ್ನು ತಂದಿತು. 2007ರಲ್ಲಿ ಈ ಊರಿಗೆ ಅದು ಸಿಕ್ಕಿತು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುವ ಹುಣಸೆಮರದ ಒಡೆಯರಿಗೆ ಅರಣ್ಯ ಇಲಾಖೆ ಫಸಲಿನ ಪರಿಹಾರ ಕೊಡುತ್ತ ಬಂದಿದೆ. ಖಾತೆ ಮಾಲೀಕನದೇ. ಆದರೆ ಘೋಷಣೆಯಾದ ಮೇಲೆ ಜಮೀನಿನ ಬಳಕೆ ಬದಲಿಸಲು ಸಮಿತಿಯ ನಿರ್ಣಯ, ಸರ್ಕಾರದ ಒಪ್ಪಿಗೆ ಎರಡೂ ಬೇಕು. ಒಪ್ಪುವ ಮೊದಲು ಮಕ್ಕಳನ್ನೂ ಕೇಳಿ.

ಅಮೆರಿಕದಲ್ಲಿ ರೈತ ಜಮೀನು ಇಟ್ಟುಕೊಂಡೇ, ಅಲ್ಲಿ ಕಟ್ಟಡ ಕಟ್ಟುವ ಹಕ್ಕನ್ನು ಶಾಶ್ವತವಾಗಿ ಬಿಟ್ಟುಕೊಟ್ಟರೆ, ಕಳೆದುಕೊಂಡ ಬೆಲೆಯನ್ನು ಆದಾಯದಲ್ಲಿ ಕಳೆಯಬಹುದು. ನಮ್ಮಲ್ಲಿ ಅಂಥ ಕಾನೂನಿಲ್ಲ. ಸೈಟಿನ ಬೆಲೆ ಏರುತ್ತಿರುವ ಈ ಕಡೆ ಗುಡ್ಡೆ, ಗೋಮಾಳದಂಚು ಉಳಿಯಬೇಕಾದರೆ ರೈತ ಸಂಘಟನೆಗಳು ಇದನ್ನು ಕೇಳಬೇಕು.

ಕೊಡುವ ಮೊದಲು

* ಟ್ರಸ್ಟಿನ 80ಜಿ ಅನುಮೋದನೆ ಪತ್ರ ಕೇಳಿ, ಅವಧಿ ಮುಗಿದಿಲ್ಲವೇ ನೋಡಿ.
* 2,000 ರೂ. ಮೀರಿದ್ದನ್ನು ನಗದಾಗಿ ಕೊಡಬೇಡಿ. ಚೆಕ್ ಅಥವಾ ಬ್ಯಾಂಕ್ ಮೂಲಕವೇ ಕೊಡಿ.
* ರಸೀದಿ ಸಾಲದು. 2021-22ರಿಂದ ಇಲಾಖೆಯ ನಮೂನೆಯ ದಾನ ಪ್ರಮಾಣಪತ್ರವೂ ಬೇಕು.
* ಜಮೀನು ಮಾರಿ ಹಣ ಕೊಡುವ ಯೋಚನೆಯಿದ್ದರೆ, ನಗರದ ಗಡಿಯಿಂದ 8 ಕಿ.ಮೀ. ಒಳಗಿನ ಕೃಷಿ ಜಮೀನಿನ ಲಾಭಕ್ಕೂ ತೆರಿಗೆಯಿದೆ. ಮೊದಲು ಲೆಕ್ಕಪರಿಶೋಧಕರನ್ನು ಕೇಳಿ.
* ಜಮೀನನ್ನೇ ಕೊಡುವುದಾದರೆ, ಮುಂದೆ ಮಾರಬಾರದು, ಬಳಕೆ ಬದಲಿಸಬಾರದು ಎಂಬ ಷರತ್ತನ್ನು ಹೇಗೆ ಬರೆಸಬೇಕೆಂದು ನಮ್ಮ ಕಡೆಯ ವಕೀಲರಿಂದಲೇ ತಿಳಿಯಿರಿ. ಅದಾಗುವ ತನಕ ಸಹಿ ಬೇಡ.