ಇಸ್ಪೀಟಿನ ರಾಜ, ಗಂಜೀಫಾದ ಮಂತ್ರಿ

ಹತ್ತನೆಯ ತರಗತಿಯ ಗಣಿತದಲ್ಲಿ ಸಂಭವನೀಯತೆ ಬಂದಾಗ 52 ಎಲೆಗಳ ಇಸ್ಪೀಟು ಕಟ್ಟೂ ಬರುತ್ತದೆ. ಯಸಳೂರು ಭಾಗದಲ್ಲಿ ಬೋಧನಾಭ್ಯಾಸಕ್ಕೆ ಹೋದವರಿಗೆ ಇದರ ಕಷ್ಟ ಗೊತ್ತು. ಕೆಲವು ಮಕ್ಕಳಿಗೆ ಇಸ್ಪೀಟು, ಆಟೀನು, ಕಳಾವರ್, ಡೈಮನ್ ಎಲ್ಲ ಬಾಯಿಪಾಠ. ಕೆಲವರ ಮನೆಯಲ್ಲಿ ಎಲೆ ಮುಟ್ಟುವ ಹಾಗೇ ಇಲ್ಲ. ಚಿತ್ರದ ಎಲೆ ಬರುವ ಸಂಭವನೀಯತೆ 12/52 ಎಂದರೆ ಈ ಎರಡನೆಯವರು ಸೋಲುವುದು ಭಿನ್ನರಾಶಿಯಲ್ಲಲ್ಲ, ಎಲೆಯ ಪರಿಚಯದಲ್ಲಿ. ಆದ್ದರಿಂದ ಲೆಕ್ಕಕ್ಕೆ ಮೊದಲು ಚಿತ್ರಗಳ ಕಥೆ ಹೇಳುವುದು ಒಳ್ಳೆಯದು.

ಈಜಿಪ್ಟಿನ ಮಾಮ್ಲೂಕರ ಎಲೆಗಳಲ್ಲಿ ರಾಜ ಮತ್ತು ಅವನ ಇಬ್ಬರು ಅಧೀನಾಧಿಕಾರಿಗಳಿದ್ದರು, ರಾಣಿ ಇರಲಿಲ್ಲ. 1370ರ ದಶಕದಲ್ಲಿ ಯೂರೋಪಿನಲ್ಲಿ ಎಲೆಯಾಟ ಹರಡಿತು. ಇಂದಿನ ನಾಲ್ಕು ಗುರುತುಗಳು ಫ್ರಾನ್ಸಿನವು. ಆಟೀನು ರಾಜ ತನ್ನ ತಲೆಗೇ ಕತ್ತಿ ಚುಚ್ಚಿಕೊಂಡಂತೆ ಕಾಣುತ್ತಾನಲ್ಲ, ಮಕ್ಕಳು ಅದನ್ನು ಕೇಳಿಯೇ ಕೇಳುತ್ತಾರೆ. ಹಳೆಯ ಎಲೆಯಲ್ಲಿ ಅವನ ಕೈಯಲ್ಲಿದ್ದದ್ದು ಕೊಡಲಿ. ಮರದ ಅಚ್ಚುಗಳನ್ನು ನೋಡಿ ನೋಡಿ ನಕಲು ಮಾಡುತ್ತ ಕೊಡಲಿಯ ಬಾಯಿ ಕಳೆದುಹೋಯಿತು. ನಾಲ್ಕು ಗುಂಪು ಎಂದರೆ ನಾಲ್ಕು ಋತು, 52 ಎಂದರೆ ವರ್ಷದ ವಾರಗಳು ಎನ್ನುವುದು ಆಮೇಲೆ ಹೊಂದಿಸಿದ ಅರ್ಥವೆಂದೇ ನನಗೆ ತೋರುತ್ತದೆ.

ಅರ್ಥವನ್ನು ಬೇಕೆಂದೇ ಇಟ್ಟು ಬರೆದ ಎಲೆ ನಮ್ಮಲ್ಲೇ ಇದೆ. ಗಂಜೀಫಾ ಪರ್ಷಿಯಾ ಕಡೆಯಿಂದ ಬಂದ ಆಟ. 1527ರಲ್ಲಿ ಬಾಬರ್ ಸಿಂಧ್‌ಗೆ ಗಂಜೀಫಾ ಕಳುಹಿಸಿದ್ದು ಅವನ ಆತ್ಮಕಥೆಯಲ್ಲಿದೆ. ಮೊಗಲರ ಕಟ್ಟಿನಲ್ಲಿ 8 ಗುಂಪು, 96 ಎಲೆ. ದಶಾವತಾರ ಗಂಜೀಫಾದಲ್ಲಿ 10 ಗುಂಪು, ಪ್ರತಿಯೊಂದರಲ್ಲಿ ರಾಜ, ಮಂತ್ರಿ ಮತ್ತು 1ರಿಂದ 10ರವರೆಗಿನ ಎಲೆಗಳು, ಒಟ್ಟು 120. ಮತ್ಸ್ಯಕ್ಕೆ ಮೀನು, ಪರಶುರಾಮನಿಗೆ ಕೊಡಲಿ: ಅಕ್ಷರ ಬಾರದವರೂ ಗುರುತಿಸಬಲ್ಲರು. ಐದು ಗುಂಪುಗಳಲ್ಲಿ ಹತ್ತು ದೊಡ್ಡದು, ಉಳಿದ ಐದರಲ್ಲಿ ಒಂದು ದೊಡ್ಡದು. ಹಗಲಾದರೆ ರಾಮನ ಎಲೆ ಹಿಡಿದವನು ಆಟ ಶುರುಮಾಡುತ್ತಾನೆ, ರಾತ್ರಿಯಾದರೆ ಕೃಷ್ಣನ ಎಲೆ ಹಿಡಿದವನು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಇದನ್ನು ಇನ್ನೂ ಬೆಳೆಸಿದರು. ಅವರ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಇಂಥ ಹಲವು ಆಟಗಳಿವೆ. ಒಂದರಲ್ಲಿ 18 ಗುಂಪು, 360 ಎಲೆ! ಆಡಿ ಮುಗಿಸುತ್ತಿದ್ದರೋ ಇಲ್ಲವೋ, ಚಿತ್ರಕಾರರಿಗಂತೂ ಕೈತುಂಬ ಕೆಲಸ. ಮೈಸೂರು ಗಂಜೀಫಾಕ್ಕೆ ಈಗ ಭೌಗೋಳಿಕ ಸೂಚಕದ ಮಾನ್ಯತೆಯಿದೆ.

ತರಗತಿಗೆ ಇದು ಸುಲಭ ಬೋಧನೋಪಕರಣ. ಗಂಜೀಫಾ ಎಲೆ ಸಾಮಾನ್ಯವಾಗಿ ದುಂಡಗಿರುವುದರಿಂದ ರಟ್ಟಿನ ಮೇಲೆ ಡಬ್ಬಿಯ ಮುಚ್ಚಳವಿಟ್ಟು ಗೆರೆ ಎಳೆದು ಕತ್ತರಿಸಬಹುದು. ಹತ್ತು ತಂಡಗಳು, ತಂಡಕ್ಕೊಂದು ಅವತಾರ, ಹನ್ನೆರಡು ಎಲೆ. ಇಸ್ಪೀಟು ಎಂದರೆ ಮುಖ ಗಂಟಿಕ್ಕುವ ಪೋಷಕರೂ ದಶಾವತಾರಕ್ಕೆ ಬೇಡವೆನ್ನುವುದು ಕಷ್ಟ. ಬೆರೆಸಿ ಒಂದು ಎಲೆ ತೆಗೆಸಿ: ಮಂತ್ರಿ ಬರುವ ಸಂಭವನೀಯತೆ 10/120, ಅಂದರೆ 1/12. ರಾಜ ಅಥವಾ ಮಂತ್ರಿ ಬರುವುದು 20/120, ಅಂದರೆ 1/6. ಇಸ್ಪೀಟಿನ 3/13ರೊಡನೆ ಹೋಲಿಸಲು ಹೇಳಿ. ಕೊನೆಗೆ ರಾಣಿ ಬರುವ ಸಂಭವನೀಯತೆ ಎಷ್ಟೆಂದು ಕೇಳಿ. ಅವರು ಎಲೆಗಳನ್ನೆಲ್ಲ ಹರಡಿ ಹುಡುಕಲಿ. ಉತ್ತರ ಸೊನ್ನೆ, ಅಸಂಭವ ಘಟನೆಯ ವ್ಯಾಖ್ಯೆಯನ್ನು ಆಗ ಕಪ್ಪುಹಲಗೆಯ ಮೇಲೆ ಬರೆಯಬಹುದು.